ಉಣಕಲ್ ಕೆರೆಯ ಹಾಯಿಕಂಬ

ಕಳೆದ ತಿಂಗಳು ಮುಂಬಾಗಿಲಿಗೆ ಪಾಲಿಶ್ ಮಾಡಲು ಬಂದ ಬಡಿಗ ಅಗಸೆ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದ. ನಾನು ದೇವರ ಮನೆಯಲ್ಲಿದ್ದೆ. ವಾಸನೆ ಅಲ್ಲಿಗೂ ಬಂತು. ವಿಭೂತಿ ಹಚ್ಚಿಕೊಳ್ಳಲು ಎತ್ತಿದ ಕೈ ಹಣೆಯವರೆಗೆ ಹೋಗದೆ ನಿಂತಿತು. ನಮ್ಮ ಕಡೆಯವರಿಗೆ ಅಗಸೆ ಎಂದರೆ ರೊಟ್ಟಿಯ ಜೊತೆ ತಿನ್ನುವ ಹಿಂಡಿ. ನನಗೆ ಮಾತ್ರ ಅದು ದೋಣಿಯ ವಾಸನೆ. ಒಂದು ಮಳೆಗಾಲವಿಡೀ ನಾನು ಹೊಟ್ಟೆಕಿಚ್ಚಿನಲ್ಲಿ ಬೆಂದದ್ದು ಆ ವಾಸನೆಯ ನಡುವೆಯೇ.

ಹುಬ್ಬಳ್ಳಿ ಧಾರವಾಡ ಎರಡೂ ಸೇರಿ ಒಂದೇ ಕಾರ್ಪೊರೇಶನ್ ಆದ ಮರುವರ್ಷವದು. ನನಗೆ ಇಪ್ಪತ್ತಮೂರು. ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ವಿದ್ಯಾನಗರದಲ್ಲಿ ಬಾಡಿಗೆಯ ಮನೆ. ನಾನು, ನಮ್ಮವರು, ನಮ್ಮ ಅತ್ತೆ, ಮೂರೇ ಜನ. ನಮ್ಮವರು ಎಂಜಿನಿಯರಿಂಗ್ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮಾತು ಕಡಿಮೆ. ಊಟಕ್ಕೆ ಕೂತರೆ "ಸಾರು ಛಲೋ ಆಗೇತಿ" ಎಂಬಷ್ಟು ಬಂದರೆ ಅಂದು ನನಗೆ ಹಬ್ಬ.

ಆ ಬೇಸಿಗೆಯಲ್ಲಿ ಅವರ ಕಚೇರಿಯ ಹಿರಿಯ ಎಂಜಿನಿಯರೊಬ್ಬರು ನಿವೃತ್ತರಾಗಿ ಊರು ಬಿಡುವಾಗ, ತಮ್ಮ ಬಂಗಲೆಯ ಹಿತ್ತಲಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಒಂದು ಹಾಯಿದೋಣಿಯನ್ನು ನಮ್ಮವರಿಗೆ ಕೊಟ್ಟು ಹೋದರು. ಎರಡು ಗಾಲಿಯ ಟ್ರೇಲರ್ ಮೇಲೆ ಕೂತ, ಎರಡಾಳುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಕಟ್ಟಿಗೆಯ ದೋಣಿ. ಜೊತೆಗೆ ಒಂದು ಉದ್ದನೆಯ ಕಂಬ, ಇಲಿ ಕಡಿದ ಹಾಯಿಬಟ್ಟೆ, ಪೆಟ್ಟಿಗೆ ತುಂಬ ಹಗ್ಗ, ತಂತಿ, ಹಿತ್ತಾಳೆಯ ರಾಟೆಗಳು. ಫಕೀರಪ್ಪನೆಂಬ ಗಾಡಿಯವನು ಅದನ್ನು ತನ್ನ ಎತ್ತಿನ ಗಾಡಿಯ ಹಿಂದೆ ಕಟ್ಟಿ ನಮ್ಮ ಅಂಗಳಕ್ಕೆ ತಂದು ಬಿಟ್ಟ ದಿನ ಓಣಿಯ ಜನವೆಲ್ಲ ಹೊರಗೆ ನಿಂತಿದ್ದರು.

ಅತ್ತೆ ಸೆರಗು ಬಾಯಿಗೆ ಹಚ್ಚಿಕೊಂಡು ಹೇಳಿದರು: "ಕುಡಿಯೂ ನೀರು ನಾಕು ದಿನಕ್ಕೊಮ್ಮೆ ಬರತೈತಿ. ಇವಂಗ ದೋಣಿ ಬೇಕಾಗೇತಿ."

ದೋಣಿಯನ್ನೇನೋ ಅಗಸೆ ಎಣ್ಣೆ ಬಳಿದು ಬಳಿದು ಅವರು ಸರಿಮಾಡಿದರು. ಆದರೆ ಕಂಬ ನಿಲ್ಲಿಸುವುದು ಹೇಗೆ, ಯಾವ ತಂತಿ ಎಲ್ಲಿಗೆ ಹೋಗಬೇಕು, ಯಾವುದೂ ತಿಳಿಯಲಿಲ್ಲ. ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಅಂಗಳದಲ್ಲಿ ಹರವಿಕೊಂಡು ಸಂಜೆಯ ಹೊತ್ತು ತಲೆಯ ಮೇಲೆ ಕೈಹೊತ್ತು ಕೂಡುತ್ತಿದ್ದರು. ಹಾಗೆ ಕೂತಿದ್ದಾಗಲೇ ಒಂದು ದಿನ ಬೇಲಿಯ ಆಚೆ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಅದು ಎಡಗಡೆಯ ತಂತಿ. ನೀವು ತಿರುವುಮುರುವು ಹಿಡಿದಿದ್ದೀರಿ" ಎಂದಳು.

ಅವಳೇ ಮಾಲಿನಿ. ಹತ್ತಿರದ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಶಿಕ್ಷಕಿ. ಕಾರವಾರದವಳು, ತಂದೆ ಹಾಯಿಹಡಗಿನಲ್ಲಿ ದುಡಿದವರಂತೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಮದುವೆಯಾಗಿರಲಿಲ್ಲ. ಶಿಕ್ಷಕಿಯರನ್ನು ನಮ್ಮ ಕಡೆ ಅಕ್ಕಾರು ಎನ್ನುತ್ತಾರೆ. ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕಾರ ಹೆಸರಿಲ್ಲದೆ ಸಂಜೆ ಆಗಲಿಲ್ಲ.

ನಮ್ಮವರು ಕಚೇರಿಯಿಂದ ಬಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಮೊದಲೇ, "ಅಕ್ಕಾರು ಬಂದ್ರೇನು?" ಎಂದು ಕೇಳುವರು. ಎರಡು ವರ್ಷದಲ್ಲಿ ನನ್ನೊಡನೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವಳೊಡನೆ ಎರಡು ವಾರದಲ್ಲಿ ಆಡಿದರು. ಗಂಟು ಹಾಕುವುದರ ಬಗ್ಗೆ, ಗಾಳಿಯ ಬಗ್ಗೆ, ಕಾರವಾರದ ಸಮುದ್ರದ ಬಗ್ಗೆ. ನಾನು ಅಡುಗೆಮನೆಯ ಕಿಟಕಿಯಲ್ಲಿ ಒಗ್ಗರಣೆ ಅವಲಕ್ಕಿ ಕಲಸುತ್ತ ಎಲ್ಲವನ್ನೂ ಕೇಳುತ್ತಿದ್ದೆ. ಅವರು ನಗುವುದು ಕೇಳಿದರೆ ಕೈಯಲ್ಲಿದ್ದ ಸೌಟು ಪಾತ್ರೆಗೆ ಜೋರಾಗಿ ತಾಗುತ್ತಿತ್ತು. ಚಹಾ ಕೊಡಲು ಹೊರಗೆ ಹೋದರೆ ಇಬ್ಬರೂ ಒಂದೇ ಹಗ್ಗದ ಎರಡು ತುದಿ ಹಿಡಿದುಕೊಂಡು ಕೂತಿರುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾದರೂ ಮಾಡುತ್ತಿದ್ದೆ.

ಮುಂಜಾನೆ ಇಬ್ಬರೂ ಇಲ್ಲದಾಗ ನಾನು ಬಾವಿಯ ಹಗ್ಗ ಹಿಡಿದು ಅವಳು ಹೇಳಿಕೊಟ್ಟ ಗಂಟುಗಳನ್ನು ಹಾಕಿ ನೋಡುತ್ತಿದ್ದೆ. ಕಿಟಕಿಯಲ್ಲಿ ಕೇಳಿದ್ದೇ ಪಾಠ. ಜಾರದ ಕುಣಿಕೆ ನನಗೆ ಮೂರೇ ದಿನಕ್ಕೆ ಬಂತು. ನಮ್ಮವರಿಗೆ ತಿಂಗಳು ಹಿಡಿಯಿತು. ನಾನು ಯಾರಿಗೂ ಹೇಳಲಿಲ್ಲ.

ಹರಿದ ಹಾಯಿಗೆ ತೇಪೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಎಂಟು ದಿನ ಹೊಲಿಗೆ ಯಂತ್ರದ ಮುಂದೆ ಕೂತು ಹೊಲಿದೆ. ಮುಗಿದ ದಿನ ಮಾಲಿನಿ ಹಾಯಿಯನ್ನು ಬೆಳಕಿಗೆ ಹಿಡಿದು ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದನ್ನು ಯಾರು ಹೊಲಿದದ್ದು? ಎರಡು ಸಾಲು ಎಷ್ಟು ಸಮ ಬಂದಿದೆ! ನಮ್ಮೂರಲ್ಲಿ ಹಾಯಿ ಹೊಲಿಯುವವರೂ ಹೀಗೆ ಹೊಲಿಯುವುದಿಲ್ಲ."

"ನಮ್ಮ ಶಾರದಾ. ಹೆಣ್ಣಮಕ್ಕಳಿಗೆ ಅದೇನ್ ದೊಡ್ಡ ಕೆಲಸರಿ" ಎಂದರು ನಮ್ಮವರು. ಅವಳು ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿ ನಕ್ಕಳು. ನಾನು ಕಿಟಕಿಯಿಂದ ಸರಿದೆ. ಅವಳ ಹೊಗಳಿಕೆ ನನಗೆ ಬೇಡವಾಗಿತ್ತು ಎಂದು ಆಗ ನಂಬಿಕೊಂಡಿದ್ದೆ.

ಮನೆಯ ಮುಂದೆ ಕರೆಂಟಿನ ತಂತಿ, ಹಿಂದೆ ಬೇವಿನ ಮರ. ಕಂಬವನ್ನು ಎತ್ತಿ ನಿಲ್ಲಿಸಲು ಅಂಗಳದಲ್ಲಿ ಜಾಗವಿರಲಿಲ್ಲ. ಅದನ್ನು ದೋಣಿಯ ಮೇಲೆ ಉದ್ದಕ್ಕೆ ಮಲಗಿಸಿಯೇ ಎಲ್ಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿದರು. ಕಂಬದ ಬುಡ ದೋಣಿಯ ನಡುವಿನ ಕಬ್ಬಿಣದ ತಿರುಗಣಿಯಲ್ಲಿ ಕೂರುತ್ತದೆ. ತುದಿಯಿಂದ ಮೂರು ತಂತಿ: ಎಡಕ್ಕೊಂದು, ಬಲಕ್ಕೊಂದು, ಮೂತಿಗೊಂದು. ಒಬ್ಬರು ಹಿಂದಿನಿಂದ ಕಂಬವನ್ನು ಹೆಗಲಿನಿಂದ ಎತ್ತುತ್ತ ಮುಂದೆ ನಡೆಯಬೇಕು, ಇನ್ನೊಬ್ಬರು ಮುಂದೆ ನಿಂತು ಮೂತಿಯ ತಂತಿ ಜಗ್ಗಬೇಕು. ಎಡಬಲದ ತಂತಿಗಳು ಕಂಬ ವಾಲದಂತೆ ಹಿಡಿದಿರುತ್ತವೆ. ಪ್ರತಿ ತಂತಿಯ ಕೊನೆಗೂ ಹೆಬ್ಬೆರಳಿನಷ್ಟು ದಪ್ಪದ ಒಂದು ಕೀಲು. ಆ ಕೀಲು ಜಾರಿ ಬೀಳದಂತೆ ಅದರ ತೂತಿನಲ್ಲಿ ತೂರಿಸಿ ಎರಡೂ ಕಾಲು ಮಡಚುವ ಒಂದು ಚಿಕ್ಕ ಸ್ಪ್ಲಿಟ್ ಪಿನ್ನು. "ಇಡೀ ಕಂಬ ನಿಂತಿರುವುದು ಈ ಸಣ್ಣ ತಂತಿ ತುಂಡಿನ ಮೇಲೆ" ಎಂದು ಮಾಲಿನಿ ಹೇಳಿದ್ದು ನನಗೆ ಬಾಯಿಪಾಠವಾಗಿತ್ತು.

ಆ ವರ್ಷ ಮಳೆ ಚೆನ್ನಾಗಿ ಬಂತು. ಗಣಪತಿ ಕಳಿಸಿ ವಾರ ಕಳೆದಿರಬೇಕು, ಉಣಕಲ್ ಕೆರೆ ತುಂಬಿದೆ ಎಂಬ ಸುದ್ದಿ ಬಂದ ಭಾನುವಾರ ದೋಣಿ ಹೊರಟಿತು. ಫಕೀರಪ್ಪನ ಎತ್ತುಗಳು ಧಾರವಾಡದ ರಸ್ತೆಯಲ್ಲಿ ದೋಣಿ ಎಳೆದುಕೊಂಡು ಹೋಗುವುದನ್ನು ನೋಡಲು ಬಸ್ಸುಗಳು ನಿಧಾನಿಸಿದವು. ನಾನೂ ಹೋದೆ. ಬುತ್ತಿಯ ಗಂಟು ನನ್ನ ತೊಡೆಯ ಮೇಲೆ, ಹಗ್ಗದ ಗಂಟು ಮಾಲಿನಿಯ ತೊಡೆಯ ಮೇಲೆ.

ದಂಡೆಯಲ್ಲಿ ದೋಣಿಯನ್ನು ಟ್ರೇಲರ್ ಮೇಲೆಯೇ ನಿಲ್ಲಿಸಿ ಅವರು ಕೆಲಸ ಶುರು ಮಾಡಿದರು. ನಾನು ಒಂದು ಹಗ್ಗ ಸುತ್ತಿಡಲು ಹೋದೆ.

"ನೀ ಆ ಕಡೆ ಕೂಡು" ಎಂದರು ನಮ್ಮವರು. "ಸೀರಿ ಗೀರಿ ಸಿಕ್ಕೊಂಡೀತು. ಬುತ್ತಿ ನೋಡ್ಕೋ, ನಾಯಿ ಅದಾವ."

ಮಾಲಿನಿಯೂ ಸೀರೆಯಲ್ಲೇ ಇದ್ದಳು. ನಾನು ಹೋಗಿ ಕಲ್ಲಿನ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು, ಆದರೆ ಒರೆಸಿಕೊಳ್ಳಲಿಲ್ಲ; ಒರೆಸಿಕೊಂಡರೆ ಅವಳು ನೋಡಿಯಾಳು.

ಬಲಗಡೆಯ ತಂತಿಗೆ ಕೀಲು, ಪಿನ್ನು ಹಾಕುತ್ತಿದ್ದ ಮಾಲಿನಿ ದೋಣಿಯ ಮೇಲಿಂದಲೇ ಕೈ ಚಾಚಿ ನಮ್ಮವರಿಗೆ ಒಂದು ಪಿನ್ನು ಕೊಟ್ಟಳು. "ಎಡಗಡೆಯದು ನೀವು ಹಾಕಿಬಿಡಿ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿತು. ನಮ್ಮವರು ಕೀಲು ತೂರಿಸಿದರು. ಅಷ್ಟರಲ್ಲಿ ದಾರಿಯಲ್ಲಿ ನಿಂತಿದ್ದ ಮುದುಕರೊಬ್ಬರು, "ಇದು ನೀರಾಗ ಹೊಕ್ಕೈತೋ, ಗಾಳ್ಯಾಗ ಹಾರತೈತೋ ತಮ್ಮಾ?" ಎಂದು ಕೇಳಿದರು. ನಮ್ಮವರು ಹಿಗ್ಗಿ, ಅವರ ಬಳಿಗೆ ಹೋಗಿ ಹಾಯಿಯ ವಿಷಯ ವಿವರಿಸಿ ಬಂದರು. ಬಂದವರು ನೇರ ಹಿಂದೆ ಹತ್ತಿ ಕಂಬಕ್ಕೆ ಹೆಗಲು ಕೊಟ್ಟರು.

ನಾನು ಕೂತಲ್ಲಿಂದ ಎಡಗಡೆಯ ಕೀಲು ಎದುರಿಗೇ ಕಾಣುತ್ತಿತ್ತು. ಅದರ ತೂತು ಬರಿದಾಗಿತ್ತು.

ಹೇಳಲು ಎಷ್ಟು ಹೊತ್ತು ಬೇಕು? "ರೀ, ಪಿನ್ನು" ಎರಡು ಮಾತು. ಬಾಯಿ ತೆರೆದೆ ಕೂಡ. ಆಗ ಮಾಲಿನಿ ಮುಂದೆ ನಿಂತು ತಂತಿ ಜಗ್ಗುತ್ತ, "ಶಾಬಾಸ್, ಹಾಗೇ ಬನ್ನಿ!" ಎಂದಳು, ಅವರು ನಕ್ಕರು. ನಾನು ಬಾಯಿ ಮುಚ್ಚಿಕೊಂಡೆ. ಸಿಕ್ಕಿಕೊಳ್ಳಲಿ, ಇವಳ ಜಾಣತನ ಒಂದಿಷ್ಟು ಬಯಲಾಗಲಿ. ನನ್ನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಯಾರಿಗಾದರೂ ಪೆಟ್ಟಾದೀತು ಎಂದು ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾದೀತು. ಹೊಳೆದಿತ್ತು. ಆದರೆ ಪೆಟ್ಟು ಅವಳಿಗೆ ಆದೀತು ಅಂದುಕೊಂಡಿದ್ದೆ.

ಕಂಬ ಮುಕ್ಕಾಲು ಎದ್ದಿತು. ಕೆರೆಯ ಕಡೆಯಿಂದ ಒಂದು ಗಾಳಿ ಬೀಸಿತು. ಎಡಗಡೆಯ ಕೀಲು ಸದ್ದಿಲ್ಲದೆ ಜಾರಿತು. ಕಂಬ ಬಲಕ್ಕೆ ವಾಲಿತು. ಬಿಡಬೇಕಾದದ್ದನ್ನು ಬಿಡದೆ ನಮ್ಮವರು ಅಪ್ಪಿ ಹಿಡಿದರು. ಕಂಬದ ಜೊತೆಗೇ ದೋಣಿಯಿಂದ ಕೆಳಗೆ ಬಿದ್ದರು. ಎಲುಬು ಮುರಿದ ಸದ್ದು ಕಲ್ಲಿನ ಮೇಲೆ ಕೂತ ನನಗೂ ಕೇಳಿತು.

ಬಲ ಭುಜದ ಮುಂದಿನ ಎಲುಬು ಮುರಿದಿತ್ತು. ದವಾಖಾನೆಯಲ್ಲಿ ಪಟ್ಟಿ ಕಟ್ಟಿ, ಆರು ವಾರ ಕೈ ಜೋಳಿಗೆಯಲ್ಲಿ ಇರಬೇಕೆಂದರು. ಮಂಚದ ಬಳಿ ಮಾಲಿನಿ ಬಿಳಿಚಿಕೊಂಡು ನಿಂತಿದ್ದಳು.

"ಎಡಗಡೀ ಪಿನ್ನು ಹಾಕಲಿಲ್ಲೇನ್ರಿ ಅಕ್ಕಾರ?" ಎಂದು ನಮ್ಮವರು ನೋವಿನಲ್ಲಿ ಕೇಳಿದರು.

"ನಿಮಗೆ ಕೊಟ್ಟೆ ಅಂತ ನನ್ನ ನೆನಪು..."

"ನಂಗ ಯಾವಾಗ ಕೊಟ್ರಿ? ನನ್ನ ಕೈಯಾಗ ಏನೂ ಕೊಟ್ಟಿಲ್ಲ ನೀವು."

ಅವರು ಸುಳ್ಳು ಹೇಳಲಿಲ್ಲ, ಮರೆತಿದ್ದರು. ಮಾಲಿನಿ ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಅಲ್ಲೇ ಇದ್ದಿರಲ್ಲ?" ಎಂದಳು.

"ನಾ ಬುತ್ತಿ ನೋಡ್ಕೋತ ಕುಂತಿದ್ದೆ" ಎಂದೆ.

ಎರಡು ದಿನದ ಮೇಲೆ ಅವರ ಕೆಸರಾದ ಅಂಗಿಯನ್ನು ಒಗೆಯಲು ತೆಗೆದಾಗ ಜೇಬಿನಲ್ಲಿ ಹೇರ್‌ಪಿನ್ನಿನಂಥದ್ದು ಕೈಗೆ ಹತ್ತಿತು. ಅವಳ ತಲೆಯದು ಇವರ ಜೇಬಿಗೆ ಹೇಗೆ ಬಂತು ಎಂದುಕೊಂಡು ಅದನ್ನು ಹಿಡಿದು ಬಾಗಿಲಿಗೆ ಬಂದೆ. ಬೆಳಕಿಗೆ ಹಿಡಿದಾಗ ತಿಳಿಯಿತು: ಹಿತ್ತಾಳೆಯ ಸ್ಪ್ಲಿಟ್ ಪಿನ್ನು. ಮುದುಕರೊಡನೆ ಮಾತಾಡಲು ಹೋಗುವಾಗ ಜೇಬಿಗೆ ಹಾಕಿಕೊಂಡಿದ್ದರು. ಅದನ್ನು ಮೆಂತ್ಯದ ಡಬ್ಬಿಯೊಳಗೆ ಹುದುಗಿಸಿಟ್ಟೆ.

ಆಮೇಲಿನ ದಿನಗಳಲ್ಲಿ ನಾನು ಬಯಸಿದ್ದೆಲ್ಲ ಸಿಕ್ಕಿತು. ನಮ್ಮವರು ದಿನವಿಡೀ ಮನೆಯಲ್ಲಿ. ನಾನೇ ತುತ್ತು ಮಾಡಿ ಉಣ್ಣಿಸಬೇಕು. ಮಾಲಿನಿ ಬರುವುದನ್ನು ನಿಲ್ಲಿಸಿದಳು. ಅತ್ತೆ ಬಂದವರಿಗೆಲ್ಲ, "ಆ ಅಕ್ಕಾರ ಕಾಲಾಗ ನನ್ನ ಮಗಾ ಜೀವಾ ಕಳ್ಕೋತಿದ್ದ" ಎಂದು ಹೇಳಿದರು. ಓಣಿಯವರು ಅದಕ್ಕೆ ತಮ್ಮದನ್ನೂ ಸೇರಿಸಿದರು. ಮದುವೆಯಾದ ಗಂಡಸಿನ ಜೊತೆ ಮದುವೆಯಾಗದ ಶಿಕ್ಷಕಿಗೆ ಕೆರೆಯಲ್ಲೇನು ಕೆಲಸ ಎಂಬ ಮಾತು ಶಾಲೆಗೂ ಮುಟ್ಟಿತು. ಅವಳು ಕಾರವಾರಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದಾಳೆಂದು ನೆರೆಮನೆಯವರು ಹೇಳಿದಾಗ ನನಗೆ ಸಂತೋಷವಾಯಿತು. ಆ ಸಂತೋಷ ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಉಳಿಯಲಿಲ್ಲ.

ನಮ್ಮವರು ಮತ್ತೆ ಮೊದಲಿನಂತಾಗಿದ್ದರು. ಗೋಡೆ ನೋಡುತ್ತ ಕೂಡುವರು. ಒಂದು ದಿನ ನಾನೇ ಮಾತು ತೆಗೆದೆ: "ಅಕ್ಕಾರು ಊರು ಬಿಡ್ತಾರಂತ."

"ಬಿಡಲಿ. ಕೆಲಸದಾಗ ಲಕ್ಷ್ಯ ಇಲ್ಲದವರ ಸಹವಾಸ ಸಾಕು" ಎಂದರು, ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಎನ್ನುವ ದನಿಯಲ್ಲಿ.

ಅಷ್ಟು ಸಂಜೆ, ಅಷ್ಟು ನಗು, ಇಷ್ಟಕ್ಕೇ ಮುಗಿಯಿತೆ? ನನಗೆ ಅವರ ಮೇಲೆ ಸಿಟ್ಟು ಬಂತು. ಕಿಟಕಿಗೆ ಹೋಗಿ ನಿಂತೆ. ಅಂಗಳದಲ್ಲಿ ದೋಣಿ ಮಳೆಯಲ್ಲಿ ತೋಯುತ್ತಿತ್ತು. ಸಂಜೆ ಐದಾಗಿತ್ತು, ನನ್ನ ಕಿವಿ ಬೇಲಿಯ ಬಳಿ ಅವಳ ಚಪ್ಪಲಿಯ ಸದ್ದಿಗೆ ಕಾಯುತ್ತಿತ್ತು. ಆಗ ತಿಳಿಯಿತು. ನನ್ನ ಗಂಡನನ್ನು ಅವಳು ಕಸಿದುಕೊಂಡಳೆಂದು ನಾನು ಉರಿದದ್ದಲ್ಲ. ಅವರ ಜಾಗದಲ್ಲಿ, ಆ ಹಗ್ಗದ ಇನ್ನೊಂದು ತುದಿ ಹಿಡಿದು, ನಾನು ಕೂಡಬೇಕಾಗಿತ್ತು. ನನ್ನ ಹೊಟ್ಟೆಕಿಚ್ಚು ನಮ್ಮವರ ಮೇಲೆ.

ದಸರೆಯ ಬನ್ನಿ ಹಬ್ಬ ಬಂತು. ಅಂದು ಮುನಿಸಿಕೊಂಡವರ ಮನೆಗೂ ಹೋಗಿ ಬನ್ನಿ ಕೊಡುವುದು ನಮ್ಮ ಪದ್ಧತಿ. ಸಂಜೆ ಸೆರಗಿನಲ್ಲಿ ಬನ್ನಿ ಎಲೆ, ಮೆಂತ್ಯದ ಡಬ್ಬಿಯ ಪಿನ್ನು ಕಟ್ಟಿಕೊಂಡು ಮಾಲಿನಿಯ ಕೋಣೆಗೆ ಹೋದೆ. ಅವಳು ಟ್ರಂಕಿನಲ್ಲಿ ಪುಸ್ತಕ ಇಡುತ್ತಿದ್ದಳು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಕೈ ಚಾಚಿದೆ. ಎಲೆಯ ಮೇಲೆ ಪಿನ್ನು ಇಟ್ಟಿದ್ದೆ.

ಅವಳು ಅದನ್ನು ಗುರುತಿಸಿದಳು. "ಎಲ್ಲಿತ್ತು?"

"ಅವರ ಅಂಗಿ ಜೇಬಿನ್ಯಾಗ. ನೀವು ಕೊಟ್ಟಿದ್ದು ನಾ ನೋಡೇನಿ. ಅವರು ಹಾಕದ್ದೂ ನೋಡೇನಿ. ಕಂಬ ಏಳೂಕಿಂತ ಮೊದಲ ನೋಡೇನಿ."

ಅವಳು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟು ಟ್ರಂಕಿನ ಮುಚ್ಚಳ ಹಾಕಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಒಂದು ತಿಂಗಳಿಂದ ನನಗೆ ನನ್ನ ಕೈಯ ಮೇಲೆ ನಂಬಿಕೆ ಇಲ್ಲ, ಶಾರದಾ. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಸ್ಪಿರಿಟ್ ದೀಪ ಹಚ್ಚಿಕೊಡಲೂ ಹೆದರುತ್ತಿದ್ದೇನೆ. ನೀವು ನೋಡಿದ್ದಿರಾ?"

"ಹೌದ್ರಿ."

"ಯಾಕೆ ಹೇಳಲಿಲ್ಲ?"

"ಹೊಟ್ಟೆಕಿಚ್ಚು" ಎಂದೆ.

ಅವಳು ಬನ್ನಿ ತೆಗೆದುಕೊಳ್ಳಲಿಲ್ಲ. "ಮೊದಲು ನಿಮ್ಮ ಯಜಮಾನರಿಗೆ ಹೇಳಿ. ಆಮೇಲೆ ನೋಡೋಣ" ಎಂದು ಬಾಗಿಲವರೆಗೆ ಬಂದಳು.

ಮನೆಗೆ ಬಂದು, ಅತ್ತೆಯ ಎದುರಿಗೇ, ನಮ್ಮವರ ತಾಟಿನ ಪಕ್ಕದಲ್ಲಿ ಪಿನ್ನು ಇಟ್ಟು ಎಲ್ಲ ಹೇಳಿದೆ. ನಾನು ಸುಮ್ಮನಿದ್ದುದನ್ನೂ ಹೇಳಿದೆ. ಅತ್ತೆ ಹಣೆ ಬಡಿದುಕೊಂಡರು. ನಮ್ಮವರು ಪಿನ್ನನ್ನು ಎಡಗೈಯಲ್ಲಿ ಎತ್ತಿ ಹೊರಳಿಸಿ ನೋಡಿದರು.

"ಆಗಿದ್ದು ಆತು. ಈಗ ಯಾಕ ಅದನ್ನ ಕೆದಕಬೇಕು?" ಎಂದರು.

"ಅಕ್ಕಾರ ಹೆಸರು ಕೆಟ್ಟೈತ್ರಿ. ನೀವು ಹೋಗಿ ತಪ್ಪಾತು ಅನ್ರಿ."

ಅವರು ಎದ್ದು ಬಾಯಿ ಮುಕ್ಕಳಿಸಲು ಹೋದರು. ಮರುದಿನ ನಾನು ಮತ್ತೆ ಮಾಲಿನಿಯ ಕೋಣೆಗೆ ಹೋಗಿ, "ಹೇಳೇನ್ರಿ. ಅವರು ಬರಾಕ ಒಲ್ಲರು. ನಂಗ ಕಂಬ ಎತ್ತೂದು ಕಲಸ್ರಿ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಗಂಟು ಬರುತ್ತದಾ?" ಎಂದಳು. ಅವಳ ಮಂಚಕ್ಕೆ ಕಟ್ಟಿದ್ದ ಸೊಳ್ಳೆಪರದೆಯ ದಾರ ಬಿಚ್ಚಿ ಜಾರದ ಕುಣಿಕೆ ಹಾಕಿ ತೋರಿಸಿದೆ. ಅವಳು ಅದನ್ನು ಎರಡು ಸಲ ಜಗ್ಗಿ ನೋಡಿದಳು.

ಶಾಲೆಯ ದಸರಾ ರಜೆ ಇನ್ನೂ ಮೂರು ದಿನವಿತ್ತು. ಅತ್ತೆ, "ಮನೀ ಮಾನ ಕೆರೀಗೆ ಹೊಂಟೈತಿ" ಎಂದು ಬೈಯುತ್ತಿರುವಾಗಲೇ ಫಕೀರಪ್ಪ ದೋಣಿಯನ್ನು ಗಾಡಿಗೆ ಕಟ್ಟಿದ. ಕೆರೆಯ ದಂಡೆಯಲ್ಲಿ ಬಿಸಿಲು ಬಿದ್ದಿತ್ತು. ನಾನು ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದೆ. ಮಾಲಿನಿ ಪಿನ್ನಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಎಲ್ಲ ನೀವೇ ಹಾಕಿ" ಎಂದಳು. ಹಾಕಿದೆ. ಫಕೀರಪ್ಪ ಕಂಬಕ್ಕೆ ಹೆಗಲು ಕೊಡಲು ಬಂದ.

"ಬೇಡ" ಎಂದಳು ಮಾಲಿನಿ. "ಇವರೇ ಎತ್ತಲಿ. ತಂತಿ ನಾನು ಹಿಡಿಯುತ್ತೇನೆ."

ನಮ್ಮವರು ಬಿದ್ದ ಜಾಗದಲ್ಲೇ ನಾನು ನಿಂತೆ. ಕಂಬ ಹೆಗಲಿಗೇರಿತು. ಒಂದೊಂದೇ ಹೆಜ್ಜೆ ಮುಂದಿಟ್ಟೆ. ಅರ್ಧ ಎದ್ದಾಗ ಭಾರವೆಲ್ಲ ನನ್ನ ಕೊರಳ ಮೇಲೆ ಬಂತು. ಆಗ ಮಾಲಿನಿ ಜಗ್ಗುವುದನ್ನು ನಿಲ್ಲಿಸಿದಳು. ಅವಳು ಕೈ ಸಡಿಲಿಸಿದರೆ ನಾನು ಮುಗಿದೆ. ನಾನು ಮಾಡಿದ್ದಕ್ಕೆ ಅದು ಸರಿಯಾದದ್ದೇ ಎಂದೂ ಅನಿಸಿತು.

"ಎಡಗಡೆ ನೋಡಿ. ಪಿನ್ನು ಇದೆಯಾ?"

ಕತ್ತು ಹೊರಳಿಸಿ ನೋಡಿದೆ. "ಐತ್ರಿ."

"ಇನ್ನೊಮ್ಮೆ ನೋಡಿ."

ಬೆವರು ಕಣ್ಣಿಗಿಳಿಯುತ್ತಿತ್ತು. "ಐತ್ರಿ ಅಕ್ಕಾರ! ಎರಡೂ ಕಾಲು ಮಡಚೇನಿ!"

"ಹಾಗಾದರೆ ಬನ್ನಿ" ಎಂದು ಅವಳು ಮೈಭಾರ ಬಿಟ್ಟು ಜಗ್ಗಿದಳು. ಹೆಗಲಿನ ಭಾರ ಒಮ್ಮೆಲೇ ಹಗುರಾಗಿ, ಕಂಬ ತಾನೇ ಎದ್ದು ನಿಂತಿತು. ಮೂರೂ ತಂತಿ ಬಿಗಿದು ಗಾಳಿಯಲ್ಲಿ ಸಣ್ಣಗೆ ಗುಂಯ್ ಎಂದವು. ನಾನು ದೋಣಿಯಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಮಾಲಿನಿ ಬಂದು ನನ್ನ ಹೆಗಲು ಮುಟ್ಟಿ ನೋಡಿದಳು; ಚರ್ಮ ಸುಲಿದಿತ್ತು. "ನಾಳೆ ಅಲ್ಲಿಗೆ ಬಟ್ಟೆ ಸುತ್ತಿಕೊಂಡು ಬನ್ನಿ" ಎಂದಳು. ನಾಳೆ ಎಂದ ಮಾತು ನನಗೆ ಸಾಕಾಗಿತ್ತು.

ಅಂದೇ ದೋಣಿ ನೀರಿಗಿಳಿಸಿ, ಹಾಯಿ ಏರಿಸಿ ಅರ್ಧ ಕೆರೆ ದಾಟಿ ತಿರುಗಿ ಬರುವಾಗ ದಂಡೆಯಲ್ಲಿ ನಮ್ಮವರು ನಿಂತಿದ್ದರು. ಕೈ ಜೋಳಿಗೆಯಲ್ಲಿತ್ತು, ಮುಖ ಸಣ್ಣದಾಗಿತ್ತು. ಟಾಂಗಾದಲ್ಲಿ ಬಂದಿದ್ದರು. ದೋಣಿ ದಂಡೆಗೆ ತಾಗಿದಾಗ ಅವರು ನನ್ನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ನೀರು ನೋಡುತ್ತ, "ತಪ್ಪು ನಂದು ಅಕ್ಕಾರ. ಸಾಲಿಗೆ ಬಂದು ಹೆಡ್ ಅಕ್ಕಾರಿಗೂ ಹೇಳತೇನಿ" ಎಂದರು. ದೋಣಿಯ ಅಂಚಿಗೆ ಎಡಗೈ ಇಟ್ಟು, "ನಂದೂ ಒಂದು ಸುತ್ತು ಆಗಲೇನು?" ಎಂದು ಕೇಳಿದರು.

"ಭುಜ ವಾಸಿಯಾಗಲಿ" ಎಂದಳು ಮಾಲಿನಿ. "ಅಲ್ಲಿಯವರೆಗೆ ದೋಣಿ ಶಾರದೆಯದು."

ಅವರು ಶಾಲೆಗೆ ಹೋಗಿ ಹೇಳಿದ್ದು ನಿಜ. ಆದರೆ ವರ್ಗದ ಆದೇಶ ಅಷ್ಟರಲ್ಲಿ ಹೊರಟುಬಿಟ್ಟಿತ್ತು. ದೀಪಾವಳಿ ಕಳೆದು ಒಂದು ತಿಂಗಳವರೆಗೂ ಪ್ರತಿ ಭಾನುವಾರ ನಾವಿಬ್ಬರೂ ಕಂಬ ಎತ್ತಿದೆವು. ಆಮೇಲೆ ಮಾಲಿನಿ ಕಾರವಾರಕ್ಕೆ ಹೋದಳು. ದೋಣಿ ಇನ್ನೂ ನಾಲ್ಕು ಮಳೆಗಾಲ ಬಾಳಿತು. ನಮ್ಮವರು ತಂತಿ ಹಿಡಿಯುತ್ತಿದ್ದರು, ನಾನು ಎತ್ತುತ್ತಿದ್ದೆ. ಆ ಕೆಲಸದಲ್ಲಿ ನಮ್ಮಿಬ್ಬರ ನಡುವೆ ಮಾತೂ ಬೆಳೆಯಿತು. ಬೈಗುಳವೇ ಹೆಚ್ಚು, ಆದರೂ ಮಾತು.

ಮರುವರ್ಷ ಬೇಸಿಗೆಯಲ್ಲಿ ಮಾಲಿನಿಯ ಪತ್ರ ಬಂತು. ತಾನು ಅಣ್ಣನ ದೋಣಿ ತೆಗೆದುಕೊಂಡು ರಜೆಯಲ್ಲಿ ಸಮುದ್ರಕ್ಕೆ ಹೋಗುತ್ತೇನೆಂದೂ, ಶಾಲೆಗೆ ಹೊಸದಾಗಿ ಬಂದ ಲಲಿತಾ ಎಂಬವಳು ಕಂಬ ಎತ್ತಲು ಜೊತೆಗೆ ಬರುತ್ತಾಳೆಂದೂ, ಅವಳ ಕೈ ಬಹಳ ಚುರುಕು, ಒಂದೇ ದಿನದಲ್ಲಿ ಎಲ್ಲ ಗಂಟು ಕಲಿತಳೆಂದೂ ಬರೆದಿದ್ದಳು.

ಹದಿನೈದು ದಿನ ನಾನು ಆ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬರೆದಾಗ ಅತ್ತೆಯ ಮೊಣಕಾಲು ನೋವು, ಕೆರೆಯ ನೀರು ಇಳಿದದ್ದು, ನಮ್ಮವರ ಬಡ್ತಿ, ಎಲ್ಲವನ್ನೂ ನಾಲ್ಕು ಪುಟ ತುಂಬ ಬರೆದೆ. ಲಲಿತಾಳ ಬಗ್ಗೆ ಒಂದಕ್ಷರ ಬರೆಯಲಿಲ್ಲ.